ಕ್ಯಾಂಪ್ ಅಂದ್ರೆ ಏನು? ಕಾಡಲ್ಲಿ ರಾತ್ರಿ ಕಳೆಯೋ ಹಕ್ಕಿನ ಕತೆ

 

ಇವತ್ತಿನ ವಿಷಯ ನಿಮ್ಮ ಫೋನಲ್ಲೇ ಇದೆ. ಇನ್‌ಸ್ಟಾಗ್ರಾಂ ತೆಗೆದು ‘ಕ್ಯಾಂಪಿಂಗ್’ ಅಂತ ಹುಡುಕಿ ನೋಡಿ. ಕೆರೆ ದಡ, ಹಿಂದೆ ಕಾಡು, ಸಾಲಾಗಿ ಬಣ್ಣ ಬಣ್ಣದ ಟೆಂಟ್, ನಡುವೆ ಬೆಂಕಿ, ಒಬ್ಬ ಗಿಟಾರ್ ಹಿಡ್ಕೊಂಡಿರ್ತಾನೆ. ಕೆಳಗೆ ರೇಟು. ವೀಕೆಂಡ್ ಬಂದ್ರೆ ಬೆಂಗಳೂರು, ಮೈಸೂರಿನಿಂದ ಸಾವಿರಾರು ಜನ ಇದಕ್ಕೇ ಹೊರಡ್ತಾರೆ. ತಪ್ಪು ಅಂತ ನಾನು ಹೇಳ್ತಿಲ್ಲ. ನನಗೂ ಟೆಂಟ್ ಇಷ್ಟ.

ಆದರೆ ನಾನು ಮಧುವನಹಳ್ಳಿಯವನು. ಕೊಳ್ಳೇಗಾಲ ಬಿಟ್ಟು ಹನೂರು ರಸ್ತೆ ಹಿಡಿದ್ರೆ ಸಿಗೋ ಊರು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ, ಆ ಕಡೆ ಕಾವೇರಿ. ಇಂಥ ಜಾಗದಲ್ಲಿ ‘ಕ್ಯಾಂಪ್’ ಅನ್ನೋ ಪದಕ್ಕೆ ಗಿಟಾರ್ ಅರ್ಥ ಬಂದಿದ್ದು ತೀರಾ ಇತ್ತೀಚೆಗೆ. ಅದಕ್ಕೂ ಮುಂಚೆ ಈ ಪದ ಬೇರೆ ಬೇರೆ ವೇಷ ಹಾಕಿದೆ. ಸಾಹೇಬರ ಕ್ಯಾಂಪ್, ಖೆಡ್ಡಾ ಕ್ಯಾಂಪ್, ಆನೆ ಕ್ಯಾಂಪ್, ಎಸ್‌ಟಿಎಫ್ ಕ್ಯಾಂಪ್, ಜಂಗಲ್ ಕ್ಯಾಂಪ್. ಒಂದೊಂದು ವೇಷದ ಹಿಂದೆಯೂ ಒಂದೇ ಪ್ರಶ್ನೆ ಇದೆ: ಕಾಡಲ್ಲಿ, ನೀರಿನ ಪಕ್ಕ, ರಾತ್ರಿ ಯಾರು ಮಲಗಬಹುದು? ಯಾರು ಮಲಗಬಾರದು? ಅದನ್ನ ತೀರ್ಮಾನ ಮಾಡಿದ್ದು ಯಾರು?

ಇವತ್ತಿನ ಸಂಚಿಕೆ ಪೂರ್ತಿ ಈ ಪ್ರಶ್ನೆ ಮೇಲೆ.

ಟೆಂಟ್ ಇಲ್ಲದ ಕಾಲ

ಮೊದಲು, ಕ್ಯಾಂಪ್ ಅನ್ನೋ ಪದವೇ ಇಲ್ಲದ ಕಾಲದಿಂದ ಶುರು ಮಾಡೋಣ.

ನಮ್ಮ ರಸ್ತೆಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರ ಬಂದ್ರೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋರ ಸಾಲು ಕಾಣುತ್ತೆ. ಹೆಗಲ ಮೇಲೆ ಒಂದು ಗಂಟು, ಕೈಯಲ್ಲಿ ಒಂದು ಕೋಲು, ಬಾಯಲ್ಲಿ ‘ಉಘೇ ಮಾದಪ್ಪ’. ಕೊಳ್ಳೇಗಾಲದ ಕಡೆಯಿಂದ ಬರೋರು ಹನೂರು ದಾಟಿ ತಾಳಬೆಟ್ಟದಿಂದ ಬೆಟ್ಟ ಹತ್ತುತ್ತಾರೆ. ಕನಕಪುರದ ಕಡೆಯಿಂದ ಬರೋರು ಕಾವೇರಿ ಹೊಳೆ ದಾಟಿ ಕಾಡಿನೊಳಗಿಂದಲೇ ಬರ್ತಾರೆ. ರಾತ್ರಿಯಾದ್ರೆ ಮರದ ಕೆಳಗೆ, ಬಂಡೆ ಮೇಲೆ, ಹಳ್ಳದ ದಡದಲ್ಲಿ ಟವಲ್ ಹಾಸ್ಕೊಂಡು ಮಲಗೋದು. ಯಾರೋ ಒಬ್ಬರು ಒಲೆ ಹೂಡ್ತಾರೆ, ಇನ್ಯಾರೋ ಕಂಸಾಳೆ ತೆಗೀತಾರೆ. ಇದು ನೂರಾರು ವರ್ಷದ ರೂಢಿ. ಟೆಂಟ್ ಒಂದು ಬಿಟ್ಟು ಕ್ಯಾಂಪಿಂಗಿಗೆ ಬೇಕಾದ್ದೆಲ್ಲ ಇದರಲ್ಲಿದೆ.

ಎರಡನೆಯದು ದೊಡ್ಡಿ. ಮಾದಪ್ಪನ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಇದು ಗೊತ್ತಿಲ್ಲದೋರು ಇಲ್ಲ. ದನಗಳನ್ನ ಕಾಡಿಗೆ ಹೊಡ್ಕೊಂಡು ಹೋಗಿ, ಮುಳ್ಳುಬೇಲಿ ಕಟ್ಟಿ, ರಾತ್ರಿ ಅಲ್ಲೇ ಕೂಡಿ, ಕಾಯೋರು ಪಕ್ಕದಲ್ಲೇ ಮಲಗೋದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ನೀರು ಎಲ್ಲಿದೆಯೋ ಅಲ್ಲಿ ದೊಡ್ಡಿ.

ಮೂರನೆಯವರು ಸೋಲಿಗರು. ಇವರನ್ನ ಕ್ಯಾಂಪರ್ ಅನ್ನೋಕಾಗಲ್ಲ, ಯಾಕಂದ್ರೆ ಕಾಡೇ ಅವರ ಮನೆ. ಅವರ ಹಾಡಿಗೆ ಪೋಡು ಅಂತಾರೆ. ಒಂದು ಕಡೆ ಕೆಲವು ವರ್ಷ ರಾಗಿ, ಅವರೆ ಬೆಳೆದು, ನೆಲಕ್ಕೆ ಬಿಡುವು ಕೊಟ್ಟು ಇನ್ನೊಂದು ಕಡೆ ಹೋಗೋರು. ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದೊಂದು ಕುಲಕ್ಕೂ ಒಂದು ಎಲ್ಲೆ ಇದೆ, ಆ ಎಲ್ಲೆಯೊಳಗೆ ಐದು ಥರದ ಪವಿತ್ರ ಜಾಗ: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಅಂದ್ರೆ ನೀರಿನ ಸೆಲೆ. ನಾವು ‘ಲೇಕ್ ವ್ಯೂ’ ಅಂತ ಕರೆಯೋದು ಅವರ ಲೆಕ್ಕದಲ್ಲಿ ಒಂದು ದೇವಸ್ಥಾನ. ಇತ್ತೀಚಿನ ವರ್ಷಗಳಲ್ಲಿ ಸೋಲಿಗರ ಹಿರಿಯರೂ ಸಂಶೋಧಕರೂ ಸೇರಿ ಇಂಥ ನೂರಾರು ಜಾಗಗಳನ್ನ ನಕ್ಷೆಯ ಮೇಲೆ ಗುರುತು ಹಾಕಿದ್ದಾರೆ.

ಈ ಮೂರೂ ಗುಂಪಿಗೆ ಕಾಡಲ್ಲಿ ರಾತ್ರಿ ಕಳೆಯೋಕೆ ಯಾರ ಚೀಟಿಯೂ ಬೇಕಿರಲಿಲ್ಲ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

ಸಾಹೇಬರ ಡೇರೆ ಬಂತು

ಚೀಟಿ ಬಂದಿದ್ದು ಬ್ರಿಟಿಷರ ಜೊತೆ. ಒಂದು ವಿಷಯ ನಮ್ಮ ಕಡೆಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1956ರ ತನಕ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. ಅಂದ್ರೆ ನಮ್ಮ ಕಾಡಿಗೆ ಎರಡು ಸರ್ಕಾರ, ಎರಡು ಅರಣ್ಯ ಇಲಾಖೆ. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ‘ರಿಸರ್ವ್’ ಆಯ್ತು. ಮೇಯಿಸೋಕೆ ಶುಲ್ಕ, ಸೌದೆಗೆ ಪರವಾನಗಿ, ಬೇಸಾಯಕ್ಕೆ ನಿರ್ಬಂಧ.

ಅದೇ ಹೊತ್ತಿಗೆ ಇನ್ನೊಂದು ಥರದ ಜನ ಕಾಡಲ್ಲಿ ಮಲಗೋಕೆ ಶುರು ಮಾಡಿದ್ರು. ಅಧಿಕಾರಿಗಳು ಜಿಲ್ಲೆ ಸುತ್ತುವಾಗ ಬಯಲಲ್ಲಿ, ಕೆರೆ ದಡದಲ್ಲಿ ಡೇರೆ ಹೊಡೆಸೋರು. ಎತ್ತಿನ ಗಾಡಿಯಲ್ಲಿ ಮಂಚ, ಮೇಜು, ಪಿಂಗಾಣಿ ತಟ್ಟೆ ಸಮೇತ ಸಾಮಾನು. ‘ಸಾಹೇಬರು ಕ್ಯಾಂಪಲ್ಲಿದ್ದಾರೆ’ ಅನ್ನೋ ಮಾತು ಸರ್ಕಾರಿ ಕನ್ನಡಕ್ಕೆ ಬಂದಿದ್ದು ಹೀಗೆ. ಈಗಲೂ ಕಚೇರಿಗಳಲ್ಲಿ ಈ ಮಾತು ಬದುಕಿದೆ.

ಈ ಸಾಹೇಬರಲ್ಲಿ ಒಬ್ಬನ ಕತೆ ಹೇಳಲೇಬೇಕು. ಹೆಸರು ಜಿ. ಪಿ. ಸ್ಯಾಂಡರ್ಸನ್. ಕೆಲಸ ಮೈಸೂರು ಸಂಸ್ಥಾನದ ನೀರಾವರಿ ಕಾಲುವೆಗಳ ಉಸ್ತುವಾರಿ. ಹುಚ್ಚು ಬೇಟೆಯದು. ಚಾಮರಾಜನಗರದ ಹತ್ತಿರ ಒಂದು ಬಂಗಲೆ ಕಟ್ಟಿಕೊಂಡು, ಬಿಳಿಗಿರಿರಂಗನ ಬೆಟ್ಟದ ತಪ್ಪಲೆಲ್ಲ ಅಲೆದ. ಕಾಡು ತೋರಿಸಿದ್ದು, ಆನೆ ಹೆಜ್ಜೆ ಓದೋದು ಕಲಿಸಿದ್ದು ಸೋಲಿಗರು, ಕುರುಬರು. ಆಮೇಲೆ ಆತ ಸರ್ಕಾರಕ್ಕೆ ಒಂದು ಮಾತು ಹೇಳಿದ: ಕಾಡಾನೆಗಳನ್ನ ಹಿಂಡು ಹಿಂಡಾಗಿ ಹಿಡೀಬಹುದು, ಖರ್ಚು ಕೊಡಿ ಅಂತ.

ಅದಕ್ಕೂ ನೂರು ವರ್ಷ ಮುಂಚೆ ಹೈದರಾಲಿ ಕಾಕನಕೋಟೆ ಕಾಡಲ್ಲಿ ಇದೇ ಪ್ರಯತ್ನ ಮಾಡಿ ಸೋತಿದ್ದ, ಇನ್ನು ಮುಂದೆ ಯಾರಾದ್ರೂ ಈ ಕೆಲಸಕ್ಕೆ ಕೈ ಹಾಕಿದ್ರೆ ಶಾಪ ತಟ್ಟಲಿ ಅಂತ ಕಲ್ಲಲ್ಲಿ ಕೆತ್ತಿಸಿದ್ದ ಅಂತ ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಬರೀತಾನೆ. ಶಾಪಕ್ಕೆ ಸಾಹೇಬ ಹೆದರಲಿಲ್ಲ. 1874ರಲ್ಲಿ ಹೊನ್ನುಹೊಳೆ ಹತ್ತಿರ ಐವತ್ತಕ್ಕೂ ಹೆಚ್ಚು ಆನೆ ಹಿಡಿದ. ಹೊನ್ನುಹೊಳೆ ಅಂದ್ರೆ ನಮ್ಮ ಸುವರ್ಣಾವತಿ. ಯಳಂದೂರು ದಾಟಿ ನಮ್ಮ ತಾಲ್ಲೂಕಲ್ಲಿ ಕಾವೇರಿ ಸೇರೋ ಅದೇ ಹೊಳೆ. ಮೈಸೂರಿನ ಖೆಡ್ಡಾ ಪರಂಪರೆ ಶುರುವಾಗಿದ್ದು ಅಲ್ಲಿಂದ.

ಮುಂದೆ ಖೆಡ್ಡಾ ಒಂದು ರಾಜವೈಭವದ ಪ್ರದರ್ಶನ ಆಯ್ತು. ವೈಸ್‌ರಾಯ್, ರಾಜಕುಮಾರರು ಯಾರೇ ಬರಲಿ, ಕಬಿನಿ ಹೊಳೆ ದಡದ ಕಾಕನಕೋಟೆಯಲ್ಲಿ ಡೇರೆಗಳ ಊರೇ ಎದ್ದು ನಿಲ್ತಿತ್ತು. ಆನೆಗಳನ್ನ ಹೊಳೆಗೆ ಅಟ್ಟಿ, ಆಚೆ ದಡದಲ್ಲಿ ಮರದ ದಿಮ್ಮಿಯ ಕೋಟೆಯೊಳಗೆ ಕೂಡೋದು. ನೋಡೋಕೆ ಅಟ್ಟಣಿಗೆ. ನೀರು, ಕಾಡು, ಡೇರೆ, ರಾತ್ರಿ ಬೆಂಕಿ, ಪ್ರಾಣಿ ನೋಡೋ ಅತಿಥಿಗಳು. ಇವತ್ತಿನ ಲಕ್ಷುರಿ ಕ್ಯಾಂಪಿನ ಜಾಹೀರಾತಲ್ಲಿ ಇರೋದೆಲ್ಲ ಅಲ್ಲೇ ಇತ್ತು. ವಾರಗಟ್ಟಲೆ ತಮಟೆ ಬಡಿದು, ಜೀವದ ಮೇಲೆ ಆಸೆ ಬಿಟ್ಟು ಆನೆ ಅಟ್ಟಿದೋರು ಮಾತ್ರ ಫೋಟೊದಲ್ಲಿ ಇಲ್ಲ. ಇದ್ರೂ ಹೆಸರಿಲ್ಲ.

ಒಬ್ಬನಿಗೆ ಮಾತ್ರ ಹೆಸರು ಬಂತು. ಕಬಿನಿ ದಡದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಸಿನಿಮಾದವರು ಬಂದು ಈ ಹುಡುಗನನ್ನ ಆರಿಸಿದ್ರು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು, ಹುಡುಗ ಲೋಕಕ್ಕೇ ಗೊತ್ತಾದ, ಹಾಲಿವುಡ್ ಸೇರಿದ, 1963ರಲ್ಲಿ ಅಲ್ಲೇ ತೀರಿಕೊಂಡ. ಆಗ ವಯಸ್ಸು 39. ಕಾರಾಪುರ ಅನ್ನೋ ಹೆಸರನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಬೇಟೆಗಾರರ ಕ್ಯಾಂಪಿನ ಕತೆಗಳು ನಮಗೆ ಕನ್ನಡದಲ್ಲೂ ಸಿಕ್ಕಿವೆ. ಕೆನೆತ್ ಆಂಡರ್ಸನ್ ನಮ್ಮ ಸುತ್ತಲಿನ ಕಾಡುಗಳಲ್ಲಿ ಮಲಗಿ ಬರೆದದ್ದನ್ನ ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಅಂತ ಕನ್ನಡಕ್ಕೆ ತಂದ್ರು. ನಮ್ಮಲ್ಲಿ ಎಷ್ಟೋ ಜನಕ್ಕೆ ಟೆಂಟ್ ಮೇಲೆ ಆಸೆ ಹುಟ್ಟಿದ್ದೇ ಆ ಪುಸ್ತಕಗಳಿಂದ.

ಕೆರೆ ಎಲ್ಲಿಂದ ಬಂತು?

ಈಗ ‘ಲೇಕ್’ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಕಾಡು ಮತ್ತು ಕೆರೆ ಒಟ್ಟಿಗೆ ಇರೋ ಅತಿ ಪ್ರಸಿದ್ಧ ಜಾಗ ಯಾವುದು? ಕಬಿನಿ ಹಿನ್ನೀರು. ಫೋಟೊ ನೋಡಿದ್ರೆ ಸೃಷ್ಟಿಯ ಮೊದಲ ದಿನದಿಂದ ಹೀಗೇ ಇತ್ತೇನೋ ಅನ್ಸುತ್ತೆ. ಅಲ್ಲ. ಆ ನೀರಿಗೆ ಇನ್ನೂ ನಮ್ಮ ಅಪ್ಪ ಅಮ್ಮನಷ್ಟು ವಯಸ್ಸು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿ, ಬಿದರಹಳ್ಳಿ ಹತ್ತಿರ ಕಟ್ಟಿದ ಅಣೆಕಟ್ಟು ಮುಗಿದಿದ್ದು 1974ರಲ್ಲಿ. ಸಾಮರ್ಥ್ಯ 19.52 ಟಿಎಂಸಿ. ಆ ನೀರಿನಡಿ ಹೋಗಿದ್ದು ಏನು ಅಂದ್ರೆ ಹಳ್ಳಿಗಳು, ಗದ್ದೆಗಳು, ಹಾಡಿಗಳು, ಖೆಡ್ಡಾ ನಡೀತಿದ್ದ ಕಾಕನಕೋಟೆ ಕಾಡಿನ ದೊಡ್ಡ ಭಾಗ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣೋ ಒಣ ಮರದ ಬೊಡ್ಡೆಗಳು ಆ ಕಾಡಿನ ಉಳಿಕೆ. ಅದರ ಮೇಲೆ ಕೂತ ಹಕ್ಕಿ ಫೋಟೊಗಳಿಗೆ ನಾವೆಲ್ಲ ಲೈಕ್ ಒತ್ತಿದ್ದೀವಿ.

ಆದರೆ ಆ ನೀರು ಇನ್ನೊಂದು ಕೆಲಸವನ್ನೂ ಮಾಡ್ತು. ಮಾರ್ಚ್ ಏಪ್ರಿಲ್ ಹೊತ್ತಿಗೆ ಸುತ್ತಲ ಕಾಡು ಒಣಗಿ ಹಳ್ಳ ಎಲ್ಲ ಬತ್ತುತ್ತೆ. ಹಿನ್ನೀರು ಇಳೀತಾ ಹೋದ ಹಾಗೆ ಹೊಸ ಗೋಡು ಮಣ್ಣಿನ ಮೇಲೆ ಹಸಿ ಹುಲ್ಲು ಏಳುತ್ತೆ. ನೀರೂ ಇದೆ, ಮೇವೂ ಇದೆ. ಬಂಡೀಪುರ, ನಾಗರಹೊಳೆ, ವಯನಾಡಿನ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತವೆ. ಏಷ್ಯಾದಲ್ಲೇ ದೊಡ್ಡ ಆನೆ ಜಾತ್ರೆ ಅಂತ ಹೆಸರು. ಆನೆಗೆ ಅದು ಬೇಸಿಗೆ ಕಳೆಯೋ ಜಾಗ, ನಮಗೆ ಅದು ‘ವ್ಯೂ’.

ಆ ವ್ಯೂ ನೋಡೋಕೆ ಜನ ದುಡ್ಡು ಕೊಡ್ತಾರೆ ಅನ್ನೋದು ಸರ್ಕಾರಕ್ಕೆ ಬೇಗ ಗೊತ್ತಾಯ್ತು. 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಶುರುವಾಯ್ತು. ನೇಪಾಳದ ಚಿತ್ವನ್ ಕಾಡಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಜೊತೆ ಸೇರಿ ನಮ್ಮ ರಾಜ್ಯ ಸರ್ಕಾರ ಮಾಡಿದ ಸಂಸ್ಥೆ, ಆಮೇಲೆ ಪೂರ್ತಿ ಸರ್ಕಾರದ್ದಾಯ್ತು. ಮೊದಲ ಲಾಡ್ಜ್ ಎಲ್ಲಿ? ಕಾರಾಪುರದಲ್ಲಿ. ಸಾಬು ಹುಟ್ಟಿದ ಊರಲ್ಲಿ, ಮಹಾರಾಜರ, ವೈಸ್‌ರಾಯರ ಹಳೆ ಬಂಗಲೆಗಳಲ್ಲಿ. ಅದನ್ನ ನಡೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿದ ಇಂಗ್ಲಿಷರವನು. ಬಂದೂಕು ಬಿಟ್ಟು ಕ್ಯಾಮೆರಾ ಜನರನ್ನ ಕಾಡಿಗೆ ಕರೆದ. ಎಲ್ಲರಿಗೂ ‘ಪಾಪಾ’. 2010ರಲ್ಲಿ ತೀರಿಕೊಂಡಾಗಲೂ ಅವನ ವಿಳಾಸ ಕಬಿನಿಯೇ.

ನಮ್ಮ ಕಡೆಯೂ ಅದೇ ದಾರಿ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗದಲ್ಲಿ ಅದೇ ಸಂಸ್ಥೆಯ ಟೆಂಟುಗಳು ಬಂದವು. ಕೆ. ಗುಡಿ ಅಂದ್ರೆ ಕ್ಯಾತೇದೇವರ ಗುಡಿ. ಕ್ಯಾತಪ್ಪ ಸೋಲಿಗರ ದೇವರು. ಬುಕಿಂಗ್ ಪುಟದಲ್ಲಿ ದೇವರು ಒಂದಕ್ಷರವಾಗಿ ಉಳಿದಿದ್ದಾನೆ.

ಹೊರಗೆ ಹೋದವರು, ಒಳಗೆ ಬಂದವರು

ಈಗ ಕತೆಯ ಕಷ್ಟದ ಭಾಗ.

1872ರಲ್ಲಿ ಅಮೆರಿಕ ಯೆಲ್ಲೋಸ್ಟೋನನ್ನ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸ್ತು. ಪ್ರಪಂಚದಲ್ಲೇ ಮೊದಲನೆಯದು ಅಂತಾರೆ. ಅಲ್ಲಿ ಬದುಕ್ತಿದ್ದ ಮೂಲನಿವಾಸಿಗಳನ್ನ ಹೊರಗೆ ಕಳಿಸಿ, ಪ್ರವಾಸಿಗಳಿಗೆ ದಾರಿ ಮಾಡಿದ್ರು. ಸರಿಯಾಗಿ ನೂರು ವರ್ಷಕ್ಕೆ, 1972ರಲ್ಲಿ, ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈ ಕಾಯ್ದೆ ಬೇಕಿತ್ತು. ಬೇಟೆ ನಿಂತಿದ್ದು, ಹುಲಿ ಆನೆ ಉಳಿದಿದ್ದು ಇದರಿಂದ. ಮರು ವರ್ಷ ನಮ್ಮ ಪಕ್ಕದ ಗಾಜನೂರಿನ ಡಾ. ರಾಜ್‌ಕುಮಾರ್ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿ ಆದ್ರು, ಕಾಡು ಉಳಿಸಬೇಕು ಅನ್ನೋ ಮಾತು ಮನೆ ಮನೆಗೆ ಬಂತು.

ಆದರೆ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮ ಆದಾಗ ಸೋಲಿಗರಿಗೆ ಹೇಳಿದ್ದು: ಬೇಟೆ ಬೇಡ, ಬೆಂಕಿ ಬೇಡ, ಬೇಸಾಯ ಬದಲಾಯಿಸ್ಕೊಂಡು ಓಡಾಡೋದು ಬೇಡ. ಕಾಡಿನ ಒಳಗಿನ ಎಷ್ಟೋ ಪೋಡುಗಳನ್ನ ಎಬ್ಬಿಸಿ ರಸ್ತೆ ಪಕ್ಕ, ಕಾಡಂಚಲ್ಲಿ ಕಾಲೊನಿ ಮಾಡಿದ್ರು. ನಾಗರಹೊಳೆಯಲ್ಲಿ ಜೇನು ಕುರುಬರಿಗೆ, ಬೆಟ್ಟ ಕುರುಬರಿಗೆ ಇದೇ ಆಯ್ತು. ಅಣೆಕಟ್ಟಿನ ನೀರಿಗೆ ಒಮ್ಮೆ, ಕಾಯ್ದೆಗೆ ಒಮ್ಮೆ, ಎರಡು ಸಲ ಜಾಗ ಕಳ್ಕೊಂಡವರೂ ಇದ್ದಾರೆ.

ಬೆಂಕಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೋಲಿಗರು ಬೇಸಿಗೆ ಶುರುವಲ್ಲಿ ನೆಲದ ತರಗೆಲೆಗೆ ಸಣ್ಣದಾಗಿ ಬೆಂಕಿ ಹಾಕೋರು. ಅದಕ್ಕೆ ತರಗು ಬೆಂಕಿ ಅಂತಾರೆ. ಇಬ್ಬನಿ ತೇವ ಇನ್ನೂ ಇರೋದ್ರಿಂದ ಬೆಂಕಿ ಮೇಲೆ ಏಳಲ್ಲ, ಮರ ಸುಡಲ್ಲ, ಹುಲ್ಲು ಹೊಸದಾಗಿ ಚಿಗುರುತ್ತೆ. ಅದು ನಿಂತ ಮೇಲೆ ಲಂಟಾನ ಕಾಡು ತುಂಬ್ಕೊಂಡಿತು, ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಾಯ್ತು ಅನ್ನೋದು ಅವರ ಅನುಭವ. ಒಣಗಿದ ಲಂಟಾನಕ್ಕೆ ಏಪ್ರಿಲಲ್ಲಿ ಕಿಡಿ ಬಿದ್ರೆ ಅದು ತರಗು ಬೆಂಕಿ ಅಲ್ಲ, ಕಾಡ್ಗಿಚ್ಚು. ಕಾಡಂಚಲ್ಲಿ ‘ಕ್ಯಾಂಪ್‌ಫೈರ್ ಇದೆ’ ಅಂತ ಜಾಹೀರಾತು ನೋಡಿದಾಗ ನನಗೆ ಇದು ನೆನಪಾಗುತ್ತೆ. ಕಾಡಿನ ಬೆಂಕಿ ಗೊತ್ತಿದ್ದವರಿಗೆ ಬೆಂಕಿ ಬೇಡ ಅಂದ ಮೇಲೆ, ಗೊತ್ತಿಲ್ಲದ ನಮಗೆ ಒಂದು ಪ್ಯಾಕೇಜಲ್ಲಿ ಬೆಂಕಿ ಸಿಗ್ತಿದೆ.

ಯಾರು ಒಳಗೆ, ಯಾರು ಹೊರಗೆ ಅನ್ನೋ ಜಗಳ ಒಂದು ಸಲ ನೇರವಾಗಿ ಕೋರ್ಟಿಗೆ ಹೋಯ್ತು. 1990ರ ದಶಕದಲ್ಲಿ ನಾಗರಹೊಳೆ ಉದ್ಯಾನದ ಒಳಗೆ, ಮೂರ್ಕಲ್ಲಿನಲ್ಲಿ, ರೆಸಾರ್ಟ್ ನಡೆಸೋಕೆ ಸರ್ಕಾರ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಗುತ್ತಿಗೆ ಕೊಡ್ತು. ಆದಿವಾಸಿಗಳು ಕೇಳಿದ್ದು ಸರಳ ಪ್ರಶ್ನೆ: ನಮ್ಮ ಗುಡಿಸಲಿಂದ ಹುಲಿಗೆ ತೊಂದರೆ ಆಗೋದಾದ್ರೆ ಹೋಟೆಲಿಂದ ಆಗಲ್ವಾ? ಬೀದಿಗಿಳಿದು ಹೋರಾಡಿದ್ರು, ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೆಸರಲ್ಲಿ ಹೈಕೋರ್ಟಿಗೆ ಹೋದ್ರು. 1997ರ ಜನವರಿಯಲ್ಲಿ ತೀರ್ಪು ಬಂತು: 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಇಲ್ಲದೆ ಹೀಗೆ ಕೊಟ್ಟಿದ್ದು ಕಾನೂನಿಗೆ ವಿರುದ್ಧ. ಹೋಟೆಲ್ ನಿಂತಿತು. ಕಾಡಲ್ಲಿ ಮಲಗೋ ಹಕ್ಕಿನ ಬಗ್ಗೆ ನಮ್ಮ ರಾಜ್ಯದ ಆದಿವಾಸಿಗಳು ಗೆದ್ದ ದೊಡ್ಡ ಕೇಸು ಇದು. ನಮ್ಮ ಪಠ್ಯದಲ್ಲಿ ಇಲ್ಲ.

ಎಸ್‌ಟಿಎಫ್ ಕ್ಯಾಂಪಿನ ವರ್ಷಗಳು

ಹನೂರು ಕಡೆ ನಲವತ್ತು ದಾಟಿದ ಯಾರನ್ನಾದ್ರೂ ‘ಕ್ಯಾಂಪ್’ ಅಂದ್ರೆ ಏನು ಅಂತ ಕೇಳಿ. ಎಸ್‌ಟಿಎಫ್ ಅಂತಾರೆ. ವೀರಪ್ಪನ್ ಕಾಲ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ. 1993ರ ಏಪ್ರಿಲಲ್ಲಿ ಪಾಲಾರ್ ಹತ್ತಿರ ನೆಲಬಾಂಬ್, 22 ಜನ ಸತ್ರು. 1997ರ ಅಕ್ಟೋಬರಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಸೇನಾನಿ ಅವರ ಅಪಹರಣ, 14 ದಿನ ಕಾಡಲ್ಲಿ ಸೆರೆ. 2000ದಲ್ಲಿ ಡಾ. ರಾಜ್, 108 ದಿನ. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನ ಕಾಮಗೆರೆಯ ಮನೆಯಿಂದಲೇ ಕರೆದೊಯ್ದರು. ಡಿಸೆಂಬರಲ್ಲಿ ಸಿಕ್ಕಿದ್ದು ಹೆಣ. ಕಾಮಗೆರೆ ನಮ್ಮದೇ ರಸ್ತೆಯ ಊರು.

ಆ ವರ್ಷಗಳಲ್ಲಿ ಕಾಡಲ್ಲಿ ರಾತ್ರಿ ಕಂಡ ಯಾರೇ ಆಗಲಿ ಇಬ್ಬರಿಗೆ ಲೆಕ್ಕ ಕೊಡಬೇಕಿತ್ತು. ವೀರಪ್ಪನ್ ಕಡೆಯವರಿಗೆ ಪೊಲೀಸ್ ಮಾಹಿತಿದಾರ ಅನ್ನೋ ಅನುಮಾನ, ಪೊಲೀಸರಿಗೆ ವೀರಪ್ಪನ್‌ಗೆ ಅಕ್ಕಿ ಕೊಟ್ಟವನು ಅನ್ನೋ ಅನುಮಾನ. ದೊಡ್ಡಿಯಲ್ಲಿ ಮಲಗೋರು, ಜೇನು ತೆಗೆಯೋರು, ಸೋಲಿಗರು ಈ ಎರಡರ ನಡುವೆ ಸಿಕ್ಕಿಕೊಂಡ್ರು. ಎಸ್‌ಟಿಎಫ್ ಶಿಬಿರಗಳಲ್ಲಿ ನಡೆದ ಹಿಂಸೆಯ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ತನಕ ಹೋದವು, ವಿಚಾರಣೆಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ಬಂತು. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸತ್ತ. ಅದಾದ ಮೇಲೇನೇ ನಮ್ಮ ಕಾಡು ‘ಟೂರಿಸ್ಟ್ ಪ್ಲೇಸ್’ ಆಗಿದ್ದು. ಈ ಕ್ರಮ ಮುಖ್ಯ. ಇಪ್ಪತ್ತು ಇಪ್ಪತ್ತೊಂದು ವರ್ಷದ ಹಿಂದೆ ಯಾವ ಕಾಡಿಗೆ ಹೋಗೋಕೆ ಊರವರೇ ಹೆದರ್ತಿದ್ರೋ, ಇವತ್ತು ಅಲ್ಲಿ ನಾವು ರೀಲ್ಸ್ ಮಾಡ್ತಿದ್ದೀವಿ.

ಚೀಟಿ ಈಗ ಯಾರ ಕೈಯಲ್ಲಿದೆ?

ಕಾನೂನು ಮತ್ತೆ ಒಂದು ಸುತ್ತು ತಿರುಗಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ತಲೆತಲಾಂತರದಿಂದ ಕಾಡಲ್ಲಿ ಇದ್ದವರಿಗೆ ಆಗಿದ್ದು ‘ಐತಿಹಾಸಿಕ ಅನ್ಯಾಯ’ ಅಂತ ಸಂಸತ್ತೇ ಆ ಕಾಯ್ದೆಯಲ್ಲಿ ಬರೀತು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರಲ್ಲಿ ಅಲ್ಲಿನ 25 ಗ್ರಾಮಸಭೆಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ತು. ಹುಲಿ ಕಾಡಿನ ಒಳಗೆ ಇಂಥ ಹಕ್ಕು ದೇಶದಲ್ಲಿ ಇದೇ ಮೊದಲು ಅಂತ ಗುರುತಿಸ್ತಾರೆ. ಜೇನು, ನೆಲ್ಲಿ, ಪಾಚಿ ಸಂಗ್ರಹ, ದೇವರ ಜಾಗಕ್ಕೆ ಹೋಗೋ ದಾರಿ ಕಾಗದದ ಮೇಲಾದ್ರೂ ಅವರಿಗೆ ವಾಪಸ್ ಬಂತು.

2012ರಲ್ಲಿ ಸುಪ್ರೀಂ ಕೋರ್ಟ್ ಕೆಲವು ತಿಂಗಳು ಹುಲಿ ಕಾಡಿನ ಒಳಭಾಗದಲ್ಲಿ ಪ್ರವಾಸೋದ್ಯಮವನ್ನೇ ತಡೆದು, ಆಮೇಲೆ ಹೊಸ ನಿಯಮಗಳ ಮೇಲೆ ಬಿಟ್ಟಿತು. ಅಂದ್ರೆ ಪ್ರವಾಸಿಗೂ ಚೀಟಿ ಬೇಕು, ಆದಿವಾಸಿಗೂ ಚೀಟಿ ಬೇಕು. ವ್ಯತ್ಯಾಸ ಏನಂದ್ರೆ ನಮ್ಮ ಚೀಟಿ ಫೋನಲ್ಲಿ ಎರಡು ನಿಮಿಷಕ್ಕೆ ಸಿಗುತ್ತೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಐವತ್ತರಷ್ಟು ಜೇನು ಕುರುಬ ಕುಟುಂಬಗಳು ವಾಪಸ್ ಬಂದು ಗುಡಿಸಲು ಹಾಕ್ಕೊಂಡವು. ಅವರು ತಂದಿದ್ದು ಬಿದಿರು, ಟಾರ್ಪಾಲು. ದೂರದಿಂದ ನೋಡಿದ್ರೆ ಅದೂ ಒಂದು ಟೆಂಟ್. ಇಲಾಖೆಗೆ ಅದು ಅತಿಕ್ರಮಣ, ಅವರಿಗೆ ಅದು ಮನೆಗೆ ವಾಪಸ್ ಬಂದದ್ದು.

ಅದೇ ವರ್ಷ ಜೂನಲ್ಲಿ ನಮ್ಮ ತಲೆ ತಗ್ಗಿಸೋ ಸುದ್ದಿ ಬಂತು. ಮಾದಪ್ಪನ ಬೆಟ್ಟ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದೇ ಕಾರಣ. ದನ ಕಳ್ಕೊಂಡ ಸಿಟ್ಟಿಗೆ ಐದು ಜೀವ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಇದರಿಂದ ದೊಡ್ಡಿ ಪದ್ಧತಿಯೇ ಅಪರಾಧ ಅನ್ನೋ ಹಾಗೆ ಮಾತು ಶುರುವಾದಾಗ, ದನವೇ ಬ್ಯಾಂಕ್ ಬ್ಯಾಲೆನ್ಸ್ ಆಗಿರೋ ಮನೆಗಳ ಮುಂದೆ ಏನು ದಾರಿ ಇಡ್ತೀವಿ ಅನ್ನೋದನ್ನೂ ಹೇಳಬೇಕಲ್ವಾ? ಆಮೇಲೆ ನವೆಂಬರಲ್ಲಿ, ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತಾಗ, ಬಂಡೀಪುರ ನಾಗರಹೊಳೆಯಲ್ಲಿ ಸಫಾರಿಯನ್ನೇ ಸರ್ಕಾರ ನಿಲ್ಲಿಸ್ತು. ಸಫಾರಿ ಜೀಪು, ರೆಸಾರ್ಟ್ ದೀಪಗಳಿಂದ ಪ್ರಾಣಿಗಳು ಹೊಲಕ್ಕೆ ಬರ್ತಿವೆ ಅನ್ನೋದು ರೈತರ ಸಿಟ್ಟು. ಅದು ಎಷ್ಟರ ಮಟ್ಟಿಗೆ ಸರಿ ಅನ್ನೋದು ಚರ್ಚೆಯ ವಿಷಯ. ಆದರೆ ಕಾಡಂಚಿನವರಿಗೆ ಪ್ರವಾಸೋದ್ಯಮ ತಮ್ಮದು ಅಂತ ಅನ್ನಿಸಿಲ್ಲ ಅನ್ನೋದಂತೂ ಸ್ಪಷ್ಟ.

ನಾನು ಓದಿದ್ದು ಬಿಕಾಂ. ನಮಗೆ ಕಲಿಸಿದ ಮೊದಲ ಪಾಠ, ಪ್ರತಿ ಜಮೆಗೂ ಎದುರು ಒಂದು ಖರ್ಚು ಇರಲೇಬೇಕು. ಒಂದೇ ಕಡೆ ಬರೆದ ಪುಸ್ತಕ ತಾಳೆ ಆಗಲ್ಲ. ಕ್ಯಾಂಪಿಂಗ್ ಜಾಹೀರಾತು ಅಂದ್ರೆ ಬರೀ ಒಂದು ಕಡೆ ಬರೆದ ಪುಸ್ತಕ. ಕೆರೆಯ ಎದುರು ಮುಳುಗಿದ ಊರು, ಪ್ರಶಾಂತ ಕಾಡಿನ ಎದುರು ಎಬ್ಬಿಸಿದ ಪೋಡು, ನಿರ್ಭಯ ರಾತ್ರಿಯ ಎದುರು ಹೆದರಿ ಕಳೆದ ಹದಿನೈದು ಇಪ್ಪತ್ತು ವರ್ಷ. ಇತಿಹಾಸ ಓದೋದು ಅಂದ್ರೆ ನನ್ನ ಪ್ರಕಾರ ಆ ಇನ್ನೊಂದು ಕಡೆಯನ್ನ ತುಂಬೋದು.

ಹಾಗಾದ್ರೆ ಹೋಗೋದೇ ಬೇಡ್ವಾ? ಹೋಗಿ. ಕಾಡನ್ನ ನೋಡದ ಪೀಳಿಗೆಗೆ ಕಾಡಿನ ಮೇಲೆ ಪ್ರೀತಿ ಹುಟ್ಟಲ್ಲ. ಆದರೆ ಬುಕ್ ಮಾಡೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಒಂದು, ಈ ಜಾಗ ಯಾರದು? ಕಾಡಂಚಿನ ಕೃಷಿ ಜಮೀನಾ, ಕೆರೆ ಅಂಗಳನಾ, ಅರಣ್ಯನಾ, ಅನುಮತಿ ಇದೆಯಾ? ಎರಡು, ಇಲ್ಲಿ ಗೈಡ್, ಅಡುಗೆ, ಕಾವಲು ಯಾರು? ಊರವರಾ, ಹಾಡಿಯವರಾ, ಅಥವಾ ಅವರಿಗೆ ಇಲ್ಲಿ ಬರೀ ಕಸ ಗುಡಿಸೋ ಕೆಲಸ ಮಾತ್ರನಾ? ಮೂರು, ನೀರಿನಿಂದ ಟೆಂಟ್ ಎಷ್ಟು ದೂರ? ಬೇಸಿಗೆ ರಾತ್ರಿ ನೀರಿನ ದಡ ಪ್ರಾಣಿಗಳದ್ದು. ಅಲ್ಲೇ ಟೆಂಟ್ ಹೊಡೆದು, ಸ್ಪೀಕರ್ ಹಾಕಿ, ಬೆಂಕಿ ಹಚ್ಚಿದ್ರೆ ಆವತ್ತು ಒಂದು ಆನೆ ಹಿಂಡು ಬಾಯಾರಿ ವಾಪಸ್ ಹೋಗುತ್ತೆ, ಇಲ್ಲಾ ಪಕ್ಕದ ಹೊಲದ ಕಡೆ ತಿರುಗುತ್ತೆ. ಮಾರನೇ ದಿನ ನೀವು ಚೆಕ್ ಔಟ್ ಮಾಡಿರ್ತೀರ. ಆ ಹೊಲದವನು ಅಲ್ಲೇ ಇರ್ತಾನೆ.

ಮೂರಕ್ಕೂ ನೇರ ಉತ್ತರ ಕೊಡೋ ಜಾಗ ಸಿಕ್ಕಿದ್ರೆ ನಿಶ್ಚಿಂತೆಯಿಂದ ಹೋಗಿ. ಅಲ್ಲಿಯ ಜನರ ಜೊತೆ ಮಾತಾಡಿ. ಅವರು ಆ ನೀರನ್ನ ಏನಂತ ಕರೀತಾರೆ ಅಂತ ಕೇಳಿ. ಬುಕಿಂಗ್ ಪುಟದಲ್ಲಿ ಇಲ್ಲದ ಒಂದು ಹೆಸರು ಖಂಡಿತ ಸಿಗುತ್ತೆ.

ನಿಮ್ಮ ಊರಿನ ಹತ್ತಿರದ ಕಾಡು, ಕೆರೆ, ಹಿನ್ನೀರಿಗೆ ಇಂಥದ್ದೇ ಕತೆ ಇದ್ರೆ, ಮನೆಯ ಹಿರಿಯರ ಹತ್ತಿರ ಕೇಳಿ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ ನಮಸ್ಕಾರ.